ತಣ್ಣೀರು ಎಲ್ಲಿ ಸೇರಬೇಕು?

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಹಳೆಯ ಬಚ್ಚಲುಮನೆಗಳಲ್ಲಿ ತಾಮ್ರದ ಬಂಬ ಇನ್ನೂ ಅಲ್ಲಲ್ಲಿ ಉಳಿದಿದೆ. ನಡುವೆ ಬೆಂಕಿಯ ಕೊಳವೆ, ಸುತ್ತ ನೀರು, ತಳದಲ್ಲಿ ಬೂದಿ ಉದುರುವ ಜಾಳಿಗೆ. ಉರುವಲಿಗೆ ಗೋವಿನಜೋಳದ ಬೆಂಡು, ಕುಳ್ಳು, ಕಟ್ಟಿಗೆ ಚೂರು ಯಾವುದಾದರೂ ನಡೆಯುತ್ತದೆ. ಬಂಬದ ಜಾಣತನವೆಲ್ಲ ನೀರು ಹಾಕುವ ಬಾಯಿಯಲ್ಲಿದೆ. ಎಷ್ಟೋ ಬಂಬಗಳಲ್ಲಿ ಮೇಲಿಂದ ಸುರಿದ ತಣ್ಣೀರು ಕೊಳವೆಯೊಂದರಲ್ಲಿ ನೇರ ತಳಕ್ಕಿಳಿದು, ಮೇಲೆ ಕಾದು ನಿಂತ ನೀರನ್ನು ನಳಿಗೆಯಿಂದ ಹೊರಗೆ ತಳ್ಳುತ್ತದೆ. ಒಂದು ತಂಬಿಗೆ ಹಾಕಿ, ಒಂದು ತಂಬಿಗೆ ಬಿಸಿನೀರು ಹಿಡಿದುಕೊಳ್ಳಿ.

ತಣ್ಣೀರು ಎಲ್ಲಿ ಸೇರಬೇಕೆಂಬ ಈ ಪ್ರಶ್ನೆಯೇ ಎಸ್ಪ್ರೆಸೊ ಯಂತ್ರವನ್ನೂ ಬಹುಕಾಲ ಕಾಡಿತು. ಇಟಲಿಯ ಟ್ಯೂರಿನ್‌ನಲ್ಲಿ ಆಂಜೆಲೊ ಮೊರಿಯೊಂಡೊ 1884ರಲ್ಲಿ ಹಬೆಯ ಕಾಫಿ ಯಂತ್ರಕ್ಕೆ ಪೇಟೆಂಟ್ ಪಡೆದ. 1901ರಲ್ಲಿ ಮಿಲಾನ್‌ನ ಲುಯಿಜಿ ಬೆಜ್ಜೆರಾ ಅದನ್ನು ಸುಧಾರಿಸಿದ. ಆಗೆಲ್ಲ ಕಾಫಿಗೆ ಬಳಸುತ್ತಿದ್ದುದು ಬಾಯ್ಲರಿನಲ್ಲಿ ಕುದಿಯುತ್ತ ನಿಂತ ನೀರನ್ನೇ. 1961ರಲ್ಲಿ ಬಂದ ಫಾಯೆಮಾ ಕಂಪನಿಯ ಇ-61 ಯಂತ್ರ ಪಂಪಿನಿಂದ ಹೊಸ ನೀರೆಳೆದು, ಬಾಯ್ಲರಿನೊಳಗೆ ಹಾಯ್ದ ಕೊಳವೆಯಲ್ಲಿ ಅದನ್ನು ಕಾಯಿಸಿಕೊಂಡು ಕಾಫಿಪುಡಿಗೆ ಹಾಯಿಸಿತು. ಬಂಬದಲ್ಲಿ ನೀರಿನ ನಡುವೆ ಬೆಂಕಿಯ ಕೊಳವೆ. ಇಲ್ಲಿ ಬಿಸಿಯ ನಡುವೆ ನೀರಿನ ಕೊಳವೆ.

ಇರುವ ಬಿಸಿಯಿಂದಲೇ ಮೊದಲು ಕಾಯಿಸಿಕೊಳ್ಳುವ ಈ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಈಗಿನ ಕಾಗವಾಡ ತಾಲ್ಲೂಕಿನ ಉಗಾರ ಖುರ್ದದಲ್ಲಿರುವ ಉಗಾರ ಶುಗರ್ ವರ್ಕ್ಸ್ ಸ್ಥಾಪನೆಯಾದದ್ದು 1939ರಲ್ಲಿ. ಇಂಥ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ರಸವನ್ನು ಮೊದಲೇ ಕಾಯಿಸಲು ಬಳಸುವುದು ರಸ ಬತ್ತಿಸುವಾಗ ಏಳುವ ಹಬೆಯನ್ನೇ. ಚಿಮಣಿಗೆ ಹೋಗುವ ಹೊಗೆಯ ಬಿಸಿಯಿಂದ ಬಾಯ್ಲರಿನ ನೀರು ಕಾಯಿಸುವ ಕ್ರಮಕ್ಕೆ ಇಂಗ್ಲೆಂಡಿನ ಎಡ್ವರ್ಡ್ ಗ್ರೀನ್ 1845ರಲ್ಲೇ ಪೇಟೆಂಟ್ ಪಡೆದಿದ್ದ.

ಚಿಕ್ಕೋಡಿ, ನಿಪ್ಪಾಣಿ ಕಡೆ ಚಹಾದ್ದೇ ಕಾರುಬಾರು. ಆದರೂ ಮನೆಗೆ ಸಣ್ಣ ಎಸ್ಪ್ರೆಸೊ ಯಂತ್ರ ತಂದವರಿಗೆ ಅದರ ಕೊರತೆ ಬೇಗ ಗೊತ್ತಾಗುತ್ತದೆ. ಬಾಯ್ಲರು 100 ಮಿಲಿಲೀಟರಿನದು, ಒಳಗಿನ ನೀರು 95 ಡಿಗ್ರಿ ಎಂದಿಟ್ಟುಕೊಳ್ಳಿ. ಕಾಫಿಗೆ 40 ಮಿಲಿಲೀಟರು ಹೊರಟಂತೆ 20 ಡಿಗ್ರಿಯ ಅಷ್ಟೇ ತಣ್ಣೀರು ಒಳಬರುತ್ತದೆ. ಹೀಟರು ಬಿಸಿ ಸೇರಿಸುವ ಮೊದಲೇ ಎಲ್ಲ ಬೆರೆತರೆ ಬಾಯ್ಲರು 65 ಡಿಗ್ರಿಗೆ ಇಳಿಯುತ್ತದೆ. ಒಳಬರುವ ನೀರು 60 ಡಿಗ್ರಿ ಇದ್ದರೆ 81ರಲ್ಲಿ ನಿಲ್ಲುತ್ತದೆ. ನೀರು ಆರಿದರೆ ಕಾಫಿ ಹುಳಿ, ಅತಿಯಾಗಿ ಕಾದರೆ ಕಹಿ.

ಹಾಗಾಗಿ ಮನೆಯಲ್ಲೇ ಒಂದು ಪೂರ್ವತಾಪಕ ಮಾಡಿಕೊಳ್ಳುವ ಆಸೆ ಸಹಜ: ಬಿಸಿನೀರಿನ ಪಾತ್ರೆಯಲ್ಲಿ ಸುರುಳಿ ಸುತ್ತಿದ ಕೊಳವೆ, ಅಷ್ಟೇ. ಆದರೆ ಸುರುಳಿ ಪಂಪಿಗಿಂತ ಮೊದಲು ಬರಬಾರದು. ಈ ಯಂತ್ರಗಳ ಪುಟ್ಟ ಪಂಪುಗಳು ಬಿಸಿನೀರಿಗಾಗಿ ಮಾಡಿದವಲ್ಲ. ಪಂಪು ಮತ್ತು ಬಾಯ್ಲರಿನ ನಡುವೆ ಜೋಡಿಸಿದರೆ ಸುರುಳಿ, ಬೆಸುಗೆ, ಕೀಲು ಎಲ್ಲವೂ ಪಂಪಿನ ಪೂರ್ತಿ ಒತ್ತಡ ತಡೆಯಬೇಕು. ಕಾಫಿ ಇಳಿಯುವಾಗಲೇ ಅದು ಸುಮಾರು 9 ಬಾರ್. ತಾಮ್ರದ ಬಂಬಕ್ಕೆ ಕಲಾಯಿ ಹಾಕಿಸಬಹುದು, ತಾಮ್ರದ ಸಣ್ಣ ಸುರುಳಿಯ ಒಳಮೈಗೆ ಆಗದು. ಅಡುಗೆಗೆ ಒಗ್ಗುವ ಸ್ಟೀಲಿನದೇ ಒಳ್ಳೆಯದು.

ಪರೀಕ್ಷೆ ಕಷ್ಟವಲ್ಲ. ಪುಡಿ ಹಾಕದೆ, ಬೆಚ್ಚಗಿನ ಒಂದೇ ಕಪ್ಪಿಗೆ ಒಂದೇ ಅಳತೆಯ ನೀರು ಹಿಡಿದು ತಾಪಮಾಪಕ ಅದ್ದಿ ನೋಡಿ. ಮೊದಲ ಕಪ್ಪಿನ ಬಿಸಿ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಬೆನ್ನಿಗೇ ಹಿಡಿದ ಎರಡನೆಯ, ಮೂರನೆಯ ಕಪ್ಪು ಎಷ್ಟು ಇಳಿಯಿತು ನೋಡಬೇಕು. ಸುರುಳಿ ತೆಗೆದು ಇದನ್ನೇ ಮತ್ತೊಮ್ಮೆ ಮಾಡಿ. ಎರಡರ ನಡುವಿನ ಅಂತರವೇ ಸುರುಳಿಯ ಯೋಗ್ಯತೆ.

ಇನ್ನೊಂದು ಮಾತು, ಗಡಸು ನೀರಿನ ಕೊಳವೆಬಾವಿ ಇರುವವರಿಗೆ. ಅಂಥ ನೀರು ಕಾದಾಗ ಸುಣ್ಣದ ಪದರು ಕಟ್ಟುತ್ತದೆ, ಸಣ್ಣ ಕೊಳವೆ ಬೇಗ ಮುಚ್ಚಿಕೊಳ್ಳುತ್ತದೆ. ಮೊದಲು ನೀರಿನ ಗಡಸುತನ ಕಳೆಯುವ ಏರ್ಪಾಡು ಮಾಡಿ, ಆಮೇಲೆ ಸುರುಳಿ ಜೋಡಿಸಿ. ಒತ್ತಡ ಬಿಡುವ ವಾಲ್ವ್ ಇಲ್ಲದೆ ಮಾತ್ರ ಯಾರೂ ಈ ಕೆಲಸಕ್ಕೆ ಕೈಹಾಕಬೇಡಿ.