ನಳ್ಳಿ ನಿಂತ ದಿನಕ್ಕೆ ನಮ್ಮ ಸೊಸೈಟಿ ಸಜ್ಜಾಗಿದೆಯೇ?

ಮುಂಬಯಿ: ಮಹಾನಗರದಲ್ಲಿ ನೀರಿನ ಚಿಂತೆ ಎಂದರೆ ಕೆರೆಗಳು ತುಂಬಿದವೇ ಎಂಬ ಪ್ರಶ್ನೆ ಮಾತ್ರ. ವಿಹಾರ್, ತುಲಸಿ ಕೆರೆಗಳು ತುಂಬಿ ಹರಿದ ಸುದ್ದಿ ಓದಿದೊಡನೆ ನಮಗೆಲ್ಲ ಸಮಾಧಾನ. ಆದರೆ ಸುರಿಯುವ ಮಳೆಯಲ್ಲೂ ನಳ್ಳಿ ಬರಿದಾಗಬಹುದು ಎಂಬುದನ್ನು 2021ರ ಜುಲೈ 18 ತೋರಿಸಿಕೊಟ್ಟಿತು. ರಾತ್ರಿಯ ಮಳೆಗೆ ಭಾಂಡೂಪ್ ನೀರು ಶುದ್ಧೀಕರಣ ಕೇಂದ್ರಕ್ಕೇ ನೆರೆನೀರು ನುಗ್ಗಿ ವಿದ್ಯುತ್ ಯಂತ್ರಗಳು ನಿಂತವು. ನಗರದ ಬಹುಭಾಗಕ್ಕೆ ಪೂರೈಕೆ ಕಡಿಯಿತು. ಬಂದ ನೀರನ್ನು ಕುದಿಸಿ ಕುಡಿಯಿರಿ ಎಂದು ಮಹಾನಗರ ಪಾಲಿಕೆ ಮನವಿ ಮಾಡಿತು.

ಮುಂಬಯಿಗೆ ನೀರುಣಿಸುವ ಏಳು ಜಲಾಶಯಗಳಲ್ಲಿ ವಿಹಾರ್ ಮತ್ತು ತುಲಸಿ ಮಾತ್ರ ನಗರದೊಳಗಿವೆ. ಉಳಿದ ಐದು ಥಾಣೆ, ಪಾಲ್ಘರ್, ನಾಸಿಕ್ ಜಿಲ್ಲೆಗಳಲ್ಲಿವೆ. ಅಲ್ಲಿಂದ ಬರುವ ಅಪಾರ ನೀರು ಕೆಲವೇ ಪಂಪು ಕೇಂದ್ರ, ಸುರಂಗ, ಶುದ್ಧೀಕರಣ ಕೇಂದ್ರಗಳನ್ನು ದಾಟಿಯೇ ಬರಬೇಕು. ಅಪಾಯವಿರುವುದು ಇಲ್ಲಿಯೇ. 2023ರಲ್ಲಿ ಥಾಣೆಯಲ್ಲಿ ಕೊಳವೆ ಬಾವಿ ಕೊರೆಯುವಾಗ ಹಾನಿಗೊಂಡಿದ್ದ ಸುರಂಗದ ದುರಸ್ತಿಗಾಗಿ ನೀರು ಕಡಿತ ಮಾಡಬೇಕಾಯಿತು. 2024ರ ಫೆಬ್ರವರಿಯಲ್ಲಿ ಪಿಸೆ ಪಂಪು ಕೇಂದ್ರದ ಟ್ರಾನ್ಸ್‌ಫಾರ್ಮರ್‌ಗೆ ಬೆಂಕಿ ತಗಲಿ ಮತ್ತೆ ಕಡಿತವಾಯಿತು.

ದೊಡ್ಡ ಕೇಂದ್ರಗಳ ರಕ್ಷಣೆ ಪಾಲಿಕೆಯ ಹೊಣೆ. ಆದರೆ ಅಲ್ಲಿ ದುರಸ್ತಿಯಾಗುವ ತನಕ ನಮ್ಮನ್ನು ಕಾಯುವುದು ಸೊಸೈಟಿಯ ಟಾಂಕಿ. 40 ಮನೆಗಳಲ್ಲಿ 160 ಮಂದಿ ಇದ್ದಾರೆನ್ನೋಣ. ದಿನಕ್ಕೆ ತಲಾ 135 ಲೀಟರಿನಂತೆ 21,600 ಲೀಟರ್ ಬೇಕು. ಟಾಂಕಿಯಲ್ಲಿ 10,000 ಲೀಟರ್ ಉಳಿದಿದ್ದರೆ ಅದು ಅರ್ಧ ದಿನಕ್ಕೂ ಸಾಲದು. ಅದನ್ನೇ ಕುಡಿಯಲು, ಅಡುಗೆಗೆ, ಅಗತ್ಯದ ಶುಚಿತ್ವಕ್ಕೆಂದು ತಲಾ 15 ಲೀಟರಿಗೆ ಮಿತಗೊಳಿಸಿದರೆ ನಾಲ್ಕು ದಿನ ಬರುತ್ತದೆ. ವ್ಯತ್ಯಾಸ ಇರುವುದು ಸುದ್ದಿ ತಿಳಿದ ಮೊದಲ ಗಂಟೆಯಲ್ಲೇ ವಾಲ್ವ್ ಮುಚ್ಚುವ ನಿರ್ಧಾರದಲ್ಲಿ. ಆ ನಿರ್ಧಾರ ಯಾರದ್ದು, ವಾಲ್ವ್ ಎಲ್ಲಿದೆ ಎಂಬುದು ಸೆಕ್ರೆಟರಿಗೂ ವಾಚ್‌ಮನ್‌ಗೂ ಗೊತ್ತಿರಬೇಕು.

ಮಳೆಗಾಲಕ್ಕೆ ಮುನ್ನ ನೆಲದಡಿಯ ಟಾಂಕಿಯ ಮುಚ್ಚಳ ಭದ್ರವಾಗಿದೆಯೇ, ಪಂಪಿನ ಮೋಟಾರು ನೆರೆಮಟ್ಟಕ್ಕಿಂತ ಮೇಲಿದೆಯೇ ಎಂದು ನೋಡಬೇಕು. ಟಾಂಕಿಗೆ ಹೊರಗಿನ ನೀರು ನುಗ್ಗಿದರೆ ಖಾಲಿ ಮಾಡಿ, ಉಜ್ಜಿ ತೊಳೆದು, ಬ್ಲೀಚಿಂಗ್ ಪೌಡರಿನಿಂದ ಶುದ್ಧಗೊಳಿಸಿದ ಬಳಿಕವೇ ಬಳಸಬೇಕು. ಹೋಟೆಲು ನಡೆಸುವ ನಮ್ಮ ಬಂಧುಗಳಿಗೂ ಇದು ಅನ್ವಯ. ಅಲ್ಲಿ ಒಂದು ಟಾಂಕಿ ಕೆಟ್ಟರೆ ನೂರಾರು ಗಿರಾಕಿಗಳ ಆರೋಗ್ಯ ಕೆಡುತ್ತದೆ.

ಇಲ್ಲಿ ಕನ್ನಡ ಸಂಘಗಳಿಗೂ ಕೆಲಸವಿದೆ. ಒಂಟಿಯಾಗಿರುವ ಹಿರಿಯರು, ಹಾಸಿಗೆ ಹಿಡಿದವರು, ಲಿಫ್ಟ್ ಇಲ್ಲದ ಕಟ್ಟಡಗಳ ಮೇಲಿನ ಮಹಡಿಯವರು ಯಾರೆಂದು ಸಂಘದ ಪದಾಧಿಕಾರಿಗಳಿಗೆ ಗೊತ್ತಿರುತ್ತದೆ. ಮಹಿಳಾ ವಿಭಾಗ ಅವರ ಪಟ್ಟಿ ಮಾಡಲಿ, ಯುವ ವಿಭಾಗ ಕೊಡ ಹೊರುವ ಹೊಣೆ ಹಂಚಿಕೊಳ್ಳಲಿ. ಪಾಲಿಕೆಯ ಸಹಾಯವಾಣಿ 1916 ಸಂಖ್ಯೆಯನ್ನು ಸಂಘದ ಸೂಚನಾ ಫಲಕದಲ್ಲಿ ಬರೆದಿಡಲಿ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಇದಕ್ಕೆ ಹತ್ತು ನಿಮಿಷ ಮೀಸಲಿಟ್ಟರೂ ಸಾಕು.