ಎರಡು ತಂತಿ, ಎಂಬತ್ತು ವಾದ್ಯ

ಚೀನೀ ಸಂಗೀತ ಅಂದ್ರೆ ನಮ್ಮಲ್ಲಿ ಹಲವರಿಗೆ ಸಿನಿಮಾದಲ್ಲಿ ಕೇಳಿದ ಜಾಗಟೆ ಸದ್ದಷ್ಟೇ ನೆನಪು. ಆದರೆ ಮನುಷ್ಯನ ದನಿಗೆ ತೀರಾ ಹತ್ತಿರವಾದ ಒಂದು ಪಿಟೀಲೂ ಆ ನಾಡಿನಲ್ಲಿದೆ. ಅದರ ಹೆಸರು ಎರ್ಹು. ಅದನ್ನು ಎಂಬತ್ತು ಜನರ ಪಾಶ್ಚಾತ್ಯ ವಾದ್ಯವೃಂದದ ಜೊತೆ ಕೂರಿಸಿದರೆ ಯಾರು ಯಾರಿಗೆ ಬಗ್ಗಬೇಕು? ಈ ಪ್ರಶ್ನೆ ನನ್ನನ್ನು ಬಹಳ ಕಾಡಿದೆ.

ಮೊದಲು ವಾದ್ಯದ ವಿಷಯ. ಎರ್ಹುಗೆ ಇರೋದು ಎರಡೇ ತಂತಿ. ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿ ನುಡಿಸುತ್ತಾರೆ. ಕೆಳಗಿನ ಪುಟ್ಟ ಮರದ ಗೂಡಿಗೆ ಹೆಬ್ಬಾವಿನ ಚರ್ಮದ ಹೊದಿಕೆ. ಕಮಾನಿನ ಕೂದಲು ಎರಡು ತಂತಿಗಳ ನಡುವೆಯೇ ಇರುತ್ತದೆ; ಒಳಗೆ ಒತ್ತಿದರೆ ಒಂದು ತಂತಿ, ಹೊರಗೆ ಒತ್ತಿದರೆ ಇನ್ನೊಂದು. ಬೆರಳಿಗೆ ಆಸರೆಯಾಗಿ ಪಿಟೀಲಿನ ಹಾಗೆ ಹಲಗೆ ಇಲ್ಲ, ತಂತಿ ಗಾಳಿಯಲ್ಲೇ ನಿಂತಿರುತ್ತದೆ. ಆದ್ದರಿಂದ ಸ್ವರದಿಂದ ಸ್ವರಕ್ಕೆ ಜಾರೋದು, ಒತ್ತಿ ನಡುಗಿಸೋದು ಇದರ ಜೀವಾಳ. ಗಮಕ ಕೇಳಿ ಬೆಳೆದ ನಮ್ಮ ಕಿವಿಗೆ ಇದು ಪರಕೀಯವೇನಲ್ಲ.

ತೊಡಕು ಇರೋದೂ ಇಲ್ಲೇ. ವಾದ್ಯವೃಂದ ಹಲವು ಸ್ವರಗಳನ್ನು ಒಟ್ಟಿಗೆ ಹಿಡಿದು ನಿಲ್ಲುತ್ತದೆ. ಎರ್ಹು ಅವುಗಳ ನಡುವಿನ ಸಂದಿಯಲ್ಲಿ ಓಡಾಡುತ್ತದೆ. ಜೊತೆಗೆ ಅದರ ದನಿ ಸಣ್ಣದು, ನಾಲ್ಕು ತುತ್ತೂರಿ ಕೂಗಿದರೆ ಮುಳುಗಿಹೋಗುತ್ತದೆ. ಹೀಗಾಗಿ ಬಲ್ಲ ಸಂಯೋಜಕರು ಎರ್ಹು ಹಾಡುವಾಗ ವೃಂದವನ್ನು ತೆಳುವಾಗಿಸಿ, ಅದು ಉಸಿರು ತೆಗೆದುಕೊಂಡಾಗ ಮಾತ್ರ ದನಿ ಏರಿಸುತ್ತಾರೆ.

ಇದಕ್ಕೆ ತಿರುಗುಮುರುಗಾದದ್ದೂ ಉಂಟು. 1959ರಲ್ಲಿ ಷಾಂಘೈ ಸಂಗೀತ ಶಾಲೆಯ ವಿದ್ಯಾರ್ಥಿಗಳಾದ ಹೆ ಝಾನ್‌ಹಾವ್ ಮತ್ತು ಚೆನ್ ಗಾಂಗ್ ‘ಚಿಟ್ಟೆ ಪ್ರೇಮಿಗಳು’ ಎಂಬ ಕೃತಿ ರಚಿಸಿದರು. ಅಲ್ಲಿ ವೃಂದದ ಮುಂದೆ ನಿಂತದ್ದು ಪಾಶ್ಚಾತ್ಯ ಪಿಟೀಲು, ಆದರೆ ಅದು ಜಾರಿದ್ದು ಎರ್ಹುವಿನ ಹಾಗೆ! ಮುಂದೆ ಎರ್ಹುವಾದಕರೇ ಆ ಕೃತಿಯನ್ನು ತಮ್ಮದಾಗಿಸಿಕೊಂಡರು.

ಇನ್ನು ನನ್ನ ಮುಖ್ಯ ಮಾತು. ವುಷಿ ಪಟ್ಟಣದ ಬೀದಿಗಳಲ್ಲಿ ಅಬಿಂಗ್ ಎಂಬ ಕುರುಡ ಎರ್ಹು ನುಡಿಸಿ ಹೊಟ್ಟೆ ಹೊರೆಯುತ್ತಿದ್ದ. 1950ರಲ್ಲಿ ಯಾಂಗ್ ಯಿನ್‌ಲ್ಯೂ ಎಂಬ ವಿದ್ವಾಂಸರು ಅವನ ವಾದನವನ್ನು ಮುದ್ರಿಸಿಕೊಂಡರು. ದಕ್ಕಿದ್ದು ಆರೇ ಆರು ಕೃತಿ, ಅದರಲ್ಲಿ ಎರ್ಹುವಿನದು ಮೂರು. ಅದೇ ವರ್ಷ ಅಬಿಂಗ್ ತೀರಿಕೊಂಡ. ಆ ಮೂರರಲ್ಲಿ ಒಂದು ‘ಎರಡನೆಯ ಚಿಲುಮೆಯಲ್ಲಿ ಚಂದ್ರಬಿಂಬ’. 1970ರ ದಶಕದಲ್ಲಿ ವು ಝುಚಿಯಾಂಗ್ ಇದನ್ನು ತಂತಿವಾದ್ಯಗಳ ವೃಂದಕ್ಕೆ ಅಳವಡಿಸಿದರು.

ಬಾಸ್ಟನ್ ಸಿಂಫನಿಯ ಅಂದಿನ ನಿರ್ದೇಶಕ ಸೆಯ್ಜಿ ಒಝಾವಾ 1978ರಲ್ಲಿ ಬೀಜಿಂಗ್‌ನಲ್ಲಿ ಈ ವೃಂದರೂಪವನ್ನು ನಡೆಸಿಕೊಟ್ಟರು. ಆಮೇಲೆ ಅಲ್ಲಿನ ಸಂಗೀತ ಶಾಲೆಯಲ್ಲಿ ಜಿಯಾಂಗ್ ಜಿಯಾನ್‌ಹುವಾ ಎಂಬ ವಿದ್ಯಾರ್ಥಿನಿ ಅದನ್ನೇ ಬರೀ ಎರ್ಹುವಿನಲ್ಲಿ ನುಡಿಸಿದಾಗ ಅವರು ಅತ್ತುಬಿಟ್ಟರು. ಇಂಥದ್ದನ್ನು ಮಂಡಿಯೂರಿ ಕೇಳಬೇಕು ಅಂದರಂತೆ.

ಹಾಗಂತ ವೃಂದರೂಪ ವ್ಯರ್ಥವೇ? ನಾನು ಒಪ್ಪಲ್ಲ. ಅದಕ್ಕೊಂದು ವೈಶಾಲ್ಯವಿದೆ, ದೂರದ ಸಭೆಗಳಿಗೆ ಆ ರಾಗವನ್ನು ಒಯ್ದದ್ದೂ ಅದೇ. ಆದರೆ ಇಪ್ಪತ್ತು ಪಿಟೀಲುಗಳು ಒಟ್ಟಿಗೆ ನುಡಿಯುವಾಗ ಒಬ್ಬ ಮನುಷ್ಯ ತೊದಲಿದಂತೆ ತೊದಲಲಾರವು. ಜಾರುಗಳು ನಯವಾಗುತ್ತವೆ, ಬೀದಿಯ ಧೂಳು ಉದುರುತ್ತದೆ.

ಅವಕಾಶ ಸಿಕ್ಕರೆ ಎರಡನ್ನೂ ಕೇಳಿ, ಗೆಳೆಯರೇ. ಮೊದಲು ಅಬಿಂಗ್‌ನ ಆ ಹಳೆಯ ಗರಗರ ಮುದ್ರಣ, ಆಮೇಲೆ ವೃಂದ. ವೃಂದ ಏನು ಸೇರಿಸಿತು, ಏನು ಕಳೆಯಿತು ಎಂದು ನಿಮ್ಮ ಕಿವಿಯೇ ಹೇಳುತ್ತೆ.