ಮಾಳಿಗೆ ಮನೆಯ ಗಿಟಾರು, ಪತ್ರಾಸಿನ ಗಿಟಾರು

ಭಾಲ್ಕಿಯಲ್ಲಿ ಹಾರ್ಮೋನಿಯಂ ಕೆಟ್ಟರೆ ಕೇಳುವವರಿದ್ದಾರೆ. ಭಜನೆಯ ಸೀಮೆಯಿದು, ಏಕತಾರಿಗೆ ತಂತಿ ಬಿಗಿಯುವವರು, ಢೋಲಕಿಗೆ ಚರ್ಮ ಕಟ್ಟುವವರು ಆಚೀಚೆಯ ಹಳ್ಳಿಗಳಲ್ಲಿ ಸಿಗುತ್ತಾರೆ. ಗಿಟಾರು ಕೆಟ್ಟರೆ ಮಾತ್ರ ಹೈದರಾಬಾದಿನ ದಾರಿ ಹಿಡಿಯಬೇಕು, ಇಲ್ಲವೇ ಮನೆಯಲ್ಲೇ ಕೈಹಾಕಬೇಕು. ಹಾಗೆ ಕೈಹಾಕಿದವರನ್ನು ನೋಡಲೆಂದೇ ಸ್ಟೇಷನ್ನಿನಿಂದ ಕೋಟೆಯ ಕಡೆಗೆ ಹೊರಟಿದ್ದೆ. ಏಪ್ರಿಲ್ ತಿಂಗಳು, ಹತ್ತು ಗಂಟೆಗೇ ಬೀದಿ ಖಾಲಿ.

ಗಿಟಾರು ಇಲ್ಲಿಗೆ ತೀರ ಹೊಸದೇನಲ್ಲ. ಬೀದರಿನ ಮಂಗಲಪೇಟೆ ಮೊದಲುಗೊಂಡು ಜಿಲ್ಲೆಯ ಊರೂರಲ್ಲಿ ಮೆಥೋಡಿಸ್ಟ್ ಕುಟುಂಬಗಳಿವೆ. ಕ್ರಿಸ್‌ಮಸ್ ಹಾಡಿನ ತಂಡಗಳಲ್ಲಿ ಢೋಲಕಿಯ ಪಕ್ಕ ಗಿಟಾರೂ ಇರುತ್ತದೆ. ಈಗ ಮೊಬೈಲು ನೋಡಿ ಕಲಿಯುವ ಕಾಲೇಜು ಹುಡುಗರೂ ಸೇರಿಕೊಂಡಿದ್ದಾರೆ.

ಮೊದಲು ಹೊಕ್ಕಿದ್ದು ಶಿಕ್ಷಕರೊಬ್ಬರ ಮಾಳಿಗೆ ಮನೆ. ದಪ್ಪ ಕಲ್ಲುಗೋಡೆ, ಮೇಲೆ ಮಣ್ಣಿನ ಮಾಳಿಗೆ. ನಡುಮನೆಯ ಗೂಟಕ್ಕೆ ಗಿಟಾರು ನೇತುಹಾಕಿದ್ದಾರೆ, ಹೊರಗೋಡೆಗಲ್ಲ, ಒಳಗೋಡೆಗೆ. “ಬ್ಯಾಸಗ್ಯಾಗ ಇದನ್ನ ಹೊರಗ ತರಂಗಿಲ್ರಿ” ಎಂದರು. ಇಳಿಸಿ ನುಡಿಸಿದರು, ತಂತಿ ಅಷ್ಟಿಷ್ಟು ಇಳಿದಿತ್ತು, ಅಷ್ಟೇ. ಬೆರಳು ಒತ್ತುವ ಹಲಗೆ ಬೀಟೆಯದು. ಪಶ್ಚಿಮ ಘಟ್ಟದ ಈ ಮರಕ್ಕೆ ಗಿಟಾರು ಲೋಕದಲ್ಲಿ ಭಾರಿ ಬೆಲೆ. 1969-70ರ ಹೊತ್ತಿಗೆ ಅಮೆರಿಕದ ಮಾರ್ಟಿನ್ ಕಂಪನಿಯೇ ಬ್ರೆಜಿಲ್ಲಿನ ಮರ ಬಿಟ್ಟು ನಮ್ಮ ಬೀಟೆಗೆ ಹೊರಳಿತ್ತು. ಅಂಥ ಮರಕ್ಕೆ ಕೊಬ್ಬರಿ ಎಣ್ಣೆ ತಿಕ್ಕುವವರಿದ್ದಾರೆ. ಎಣ್ಣೆ ಕಮಟಾಗಿ, ಧೂಳು ಮೆತ್ತಿ, ತಂತಿಯೂ ಜಿಡ್ಡಾಗುತ್ತದೆ. ಶಿಕ್ಷಕರು ಹಚ್ಚುವುದಿಲ್ಲ. ನುಡಿಸಿದ ಮೇಲೆ ಹಳೆ ಬನಿಯನ್ನಿನಿಂದ ತಂತಿಯ ಬೆವರು ಒರೆಸುತ್ತಾರೆ, ಮುಗಿಯಿತು.

ಎರಡು ಓಣಿ ದಾಟಿದರೆ ಬೇರೆಯೇ ಕಥೆ. ಮಹಡಿಯ ಮೇಲೆ ಪತ್ರಾಸ್ ಹೊದಿಸಿದ ಕೋಣೆ, ಡಿಗ್ರಿ ಓದುವ ಹುಡುಗ. ಗಿಟಾರಿನ ಕೊರಳಿನ ಅಂಚಿಗೆ ಬೆರಳೆಳೆದೆ. ಅಡ್ಡ ಕೂರಿಸಿದ ಲೋಹದ ಪಟ್ಟಿಗಳ, ಅಂದರೆ ಫ್ರೆಟ್ಟುಗಳ, ತುದಿ ಗರಗಸದ ಹಲ್ಲಿನಂತೆ ಚುಚ್ಚಿತು. ಒಣಹವೆಗೆ ಮರ ಅಡ್ಡಡ್ಡ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ; ಹೊರಚಾಚಿದ್ದು ಅದಕ್ಕೇ. ಮೈಮೇಲೆ ತಂತಿ ಸಿಕ್ಕಿಸುವ ಬ್ರಿಡ್ಜಿನ ಹಿಂಬದಿ ಎದ್ದು, ಸಂದಿನಲ್ಲಿ ಪೋಸ್ಟ್‌ಕಾರ್ಡು ನುಗ್ಗುವಷ್ಟು ಬಾಯಿ ಬಿಟ್ಟಿದೆ. ಆರು ಉಕ್ಕಿನ ತಂತಿಗಳು ಒಟ್ಟಿಗೆ 70 ಕಿಲೋದಷ್ಟು ಜಗ್ಗುತ್ತವೆ. ಅದನ್ನು ತಡೆಯುವುದು ಮೂರು ಮಿಲಿಮೀಟರೂ ದಪ್ಪವಿಲ್ಲದ ಹಲಗೆ ಮತ್ತು ಒಂದು ಪದರ ಅಂಟು. ಪತ್ರಾಸ್ ಕಾದರೆ ಆ ಅಂಟೂ ಮೆದುವಾಗುತ್ತದೆ.

“ಕೂಲರ್ ಮುಂದ ಇಡ್ತೀನ್ರಿ” ಎಂದ ಹುಡುಗ. ಅದು ಇನ್ನೂ ಕೆಟ್ಟದ್ದು. ರಾತ್ರಿಯೆಲ್ಲ ಹಸಿಗಾಳಿ, ಹಗಲು ಕರೆಂಟು ಹೋದರೆ ಒಲೆಯಂಥ ಕೋಣೆ. ಮರ ಹಿಗ್ಗಿ ಕುಗ್ಗಿ ಬಿರಿಯುತ್ತದೆ. ಗಿಟಾರಿಗೆ ಗಾಳಿಯಲ್ಲಿ ಶೇಕಡಾ 45ರಿಂದ 55ರಷ್ಟು ತೇವ ಸಾಕು, ಅದೂ ಏರುಪೇರಿಲ್ಲದೆ. ಅಗ್ಗದ ಉಪಾಯವೊಂದಿದೆ: ಸೋಪಿನ ಡಬ್ಬಿಗೆ ತೂತು ಕೊರೆದು, ಚೆನ್ನಾಗಿ ಹಿಂಡಿದ ಸ್ಪಂಜು ಹಾಕಿ, ಗಿಟಾರಿನ ಚೀಲದೊಳಗೆ ಇಟ್ಟು ಜಿಪ್ ಎಳೆಯುವುದು. ಮೃಗಶಿರಾ ಮಳೆ ಹಿಡಿದ ಮೇಲೆ ಡಬ್ಬಿ ತೆಗೆಯಬೇಕು. ಆಗ ಮರ ಹಿಗ್ಗಿ ತಂತಿ ಮೇಲೇಳುತ್ತದೆ, ಹುಡುಗರು ಅಲನ್ ಕೀ ಹಿಡಿದು ಕೊರಳೊಳಗಿನ ಟ್ರಸ್ ರಾಡ್ ತಿರುವಲು ಕೂರುತ್ತಾರೆ. ಆ ಸರಳು ಇರುವುದು ಕೊರಳಿನ ಬಾಗು ತಿದ್ದಲಿಕ್ಕೆ, ತಂತಿಯ ಎತ್ತರ ಇಳಿಸಲಿಕ್ಕಲ್ಲ. ತಿರುವಲೇಬೇಕಾದರೆ ಒಮ್ಮೆಗೆ ಕಾಲು ಸುತ್ತು ಸಾಕು.

ಇಷ್ಟಾದರೂ ಹುಡುಗನ ಕೈಯಲ್ಲಿ ಕಸುಬಿದೆ. ಕೊರಳಿನ ತುದಿಯಲ್ಲಿ ತಂತಿ ಕೂರುವ ನಟ್ಟಿನ ಗಾಡಿ ಸವೆದು ದಪ್ಪ ತಂತಿ ಝರ್ರೆನ್ನುತ್ತಿತ್ತಂತೆ. ಗಾಡಿಗೆ ಚಿಟಿಕೆ ಅಡುಗೆ ಸೋಡಾ ತುಂಬಿ, ಮೇಲೆ ಒಂದು ಹನಿ ಫೆವಿಕ್ವಿಕ್ ಬಿಟ್ಟಿದ್ದಾನೆ. ಕಲ್ಲಾದ ಮೇಲೆ ಸಣ್ಣ ಕಾನಸಿನಿಂದ ಉಜ್ಜಿ ಹೊಸ ಗಾಡಿ ತೆಗೆದಿದ್ದಾನೆ. ನುಡಿಸಿ ನೋಡಿದೆ, ಸದ್ದಿಲ್ಲ.

ಬ್ರಿಡ್ಜು ಮಾತ್ರ ಅವನಿಂದಾಗದ ಕೆಲಸ. ಬಾಗಿಲು, ಚೌಕಟ್ಟು ಮಾಡುವ ಬಡಿಗ ಕಾಕಾನ ಅಂಗಡಿಗೆ ಹೋದೆವು. ಕಾಕಾ ಮೊದಲು ತಂತಿ ಸಡಿಲಿಸಿ ತೆಗೆಸಿದ, ಆಮೇಲೆ ಇಸ್ತ್ರಿ ಪೆಟ್ಟಿಗೆಯಿಂದ ಬ್ರಿಡ್ಜು ಕಾಯಿಸಿ, ತೆಳುವಾದ ಪಟ್ಟಿಯನ್ನು ಹಿಂಬದಿಯಿಂದ ಕೂದಲೆಳೆಯಷ್ಟೇ ಒಳಗೆ ಸರಿಸುತ್ತ ಹೋದ. ಅವಸರ ಮಾಡಿದರೆ ಹಲಗೆಯ ಸೀಳೂ ಕಿತ್ತು ಬರುತ್ತದೆ. ಹಳೆ ಅಂಟನ್ನು ಬರೀ ಮರ ಕಾಣುವವರೆಗೆ ಕೆರೆದ. ಅಂಟಿನ ಮೇಲೆ ಅಂಟು ಹಿಡಿಯುವುದಿಲ್ಲ, ಬಾಗಿಲಿಗೂ ಅದೇ ನಿಯಮ. ಫರ್ನಿಚರಿನ ಬಿಳಿ ಅಂಟು ಸದಾ ಜಗ್ಗುವ ಭಾರಕ್ಕೆ ಮೆಲ್ಲಗೆ ಜಾರುತ್ತದೆ. ಗಟ್ಟಿಯಾಗಿ ಒಣಗುವ ಹಳದಿ ಅಂಟು ಬೇಕು. ಅದನ್ನು ಹುಡುಗ ತರಿಸಿಟ್ಟುಕೊಂಡಿದ್ದ. ತೆಳ್ಳಗೆ ಸವರಿ, ಮರದ ಚೂರು ಅಡ್ಡವಿಟ್ಟು, ಎರಡು ಕ್ಲ್ಯಾಂಪು ಬಿಗಿದು ಕಾಕಾ ಎದ್ದ.

“ಕಾಕಾ, ಐತವಾರ ಚರ್ಚಿನಾಗ ಬಾರ್ಸೋದದ” ಎಂದ ಹುಡುಗ.

“ನಾಳಿ ಸಂಜಿತನಕ ಮುಟ್ಟಬ್ಯಾಡ. ಆಮ್ಯಾಲ ತಂತಿ ನೀನೇ ಹಾಕ್ಕೊ, ನನಗ ಸುರ ತಿಳ್ಯಂಗಿಲ್ಲ.”